ಪೊಸೊ ಅಮಾರ್ಗೊದ ಲಕೋಟೆಗಳು

"ಇಲ್ಲಿ ಓಟು ಹಬ್ಬದಂಗೆ ನಡೀತು, ಡಾಕ್ಟ್ರಮ್ಮ. ಒಂದು ಸಣ್ಣ ಮಾತೂ ಬರ್ಲಿಲ್ಲ."

ಮೊದಲ ಮನೆಯಲ್ಲಿ ಈ ಮಾತು ಕೇಳಿದಾಗ ಎಲ್ವಿರಾ ಲೆದೆಸ್ಮಾಗೆ ಏನೂ ಅನ್ನಿಸಲಿಲ್ಲ. ಎರಡನೆಯ ಮನೆಯ ಮುದುಕ ಅದನ್ನೇ ಅಂದಾಗ ಸುಮ್ಮನೆ ತಲೆಯಾಡಿಸಿದಳು. ಮೂರನೆಯ ಮನೆಯಲ್ಲಿ, ಮಗುವಿಗೆ ಹಾಲೂಡಿಸುತ್ತ ಕೂತಿದ್ದ ಹುಡುಗಿ, ಪ್ರಶ್ನೆ ಕೇಳುವ ಮೊದಲೇ "ಹಬ್ಬದಂಗೆ..." ಎಂದು ಶುರು ಮಾಡಿದಾಗ ಅವಳ ಕಿವಿ ನೆಟ್ಟಗಾಯಿತು. ಪೊಸೊ ಅಮಾರ್ಗೊದ ಜನ ನಿಜವಾದ ಹಬ್ಬವನ್ನೂ ಹೊಗಳುವವರಲ್ಲ. ಸಂತರ ಮೆರವಣಿಗೆ ಮುಗಿದ ಮೇಲೂ ಬ್ಯಾಂಡಿನವರು ಅಪಸ್ವರ ಊದಿದರು, ಪಾದ್ರಿ ತೂರಾಡುತ್ತಿದ್ದ ಎಂದು ಏನಾದರೊಂದು ಕೊಂಕು ತೆಗೆಯದಿದ್ದರೆ ಅವರಿಗೆ ಉಂಡದ್ದು ಅರಗದು. ಎಲ್ವಿರಾ ಹುಟ್ಟಿದ್ದೂ ಇದೇ ಪ್ರಾಂತದ ಇನ್ನೊಂದು ಮೂಲೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಇಲ್ಲಿಯವರ ನಾಲಿಗೆ ಅವಳಿಗೆ ಗೊತ್ತು. ಮೂರು ಮನೆಯಲ್ಲಿ ಒಂದೇ ವಾಕ್ಯ ಬಂತು ಅಂದರೆ ಅದು ಆ ಮನೆಗಳಲ್ಲಿ ಹುಟ್ಟಿದ ವಾಕ್ಯವಲ್ಲ. ಯಾರೋ ಮುಂಚೆಯೇ ಬಂದು ಹಂಚಿ ಹೋಗಿದ್ದಾರೆ.

ಯಾರು? ಅವಳು ಯಾವ ದಿನ ಯಾವ ಕಡೆ ಹೋಗುತ್ತಾಳೆಂಬುದು ಗೊತ್ತಿದ್ದದ್ದು ಒಬ್ಬನಿಗೇ. ಅವನು ಹೊರಗೆ ಮರದ ನೆರಳಿನಲ್ಲಿ ತನ್ನ ಹಳೆಯ ಬಾಡಿಗೆ ಕಾರಿಗೆ ಒರಗಿಕೊಂಡು ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗುಳುತ್ತಿದ್ದ. ಹೆಸರು ರೋಕೆ. ಐವತ್ತರ ಆಸುಪಾಸು, ದುಂಡು ಮುಖ, ಯಾವಾಗಲೂ ಯಾವುದೋ ಹಾಡಿನ ಅರ್ಧ ಸಾಲು ಬಾಯಲ್ಲಿ.

"ಏನಂದ್ರು ಡಾಕ್ಟ್ರಮ್ಮ?" ಎಂದು ಕೇಳಿದ.

"ಹಬ್ಬದ ಹಾಗೆ ನಡೀತಂತೆ."

"ನಿಜ ಹೇಳವ್ರೆ ಬಿಡಿ," ಎಂದು ಬಾಗಿಲು ತೆರೆದ.

ಕೊರ್ದೊಬಾ ನಗರದ ಒಂದು ಸಂಶೋಧನಾ ಕೇಂದ್ರದಲ್ಲಿ ಎಲ್ವಿರಾಗೆ ಕೆಲಸ. ವರ್ಷವರ್ಷವೂ ನವೀಕರಣವಾಗಬೇಕಾದ ಗುತ್ತಿಗೆಯ ಕೆಲಸ. ಒಕ್ಕೂಟ ದೇಶಗಳಲ್ಲಿ ಕೇಂದ್ರ ಸರ್ಕಾರಕ್ಕೂ ಪ್ರಾಂತ ಸರ್ಕಾರಗಳಿಗೂ ಇರುವ ನಂಟು ಚುನಾವಣೆಯ ಪ್ರಾಮಾಣಿಕತೆಯನ್ನು ಹೇಗೆ ಎತ್ತುತ್ತದೆ, ಹೇಗೆ ಕೆಡವುತ್ತದೆ ಎಂಬುದು ಅಲ್ಲಿ ನಡೆಯುತ್ತಿದ್ದ ಅಧ್ಯಯನ. ಬ್ರೆಜಿಲಿನಲ್ಲಿ, ಮೆಕ್ಸಿಕೋದಲ್ಲಿ ಅವಳಂಥವರೇ ಇದೇ ಪ್ರಶ್ನೆ ಹೊತ್ತು ಊರೂರು ಅಲೆಯುತ್ತಿದ್ದರು. ಎಲ್ವಿರಾ ಪಾಲಿಗೆ ಬಂದದ್ದು ಅವಳದೇ ಪ್ರಾಂತ. ಅಲ್ಲಿ ಓಟಿನಲ್ಲಿ ಗೆದ್ದು ಆಳುವ ಗವರ್ನರಿಗೂ ಬ್ಯೂನಸ್ ಐರಿಸ್‌ನಲ್ಲಿದ್ದ ರಾಷ್ಟ್ರಾಧ್ಯಕ್ಷರಿಗೂ ಹಿಂದಿನ ಚುನಾವಣೆಯಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಸಲುಗೆಯಿತ್ತು. ಈಗ ಹಾವು ಮುಂಗುಸಿ. ಸ್ನೇಹದ ಕಾಲದ ಮತಪೆಟ್ಟಿಗೆಗೂ ಹಗೆತನದ ಕಾಲದ ಮತಪೆಟ್ಟಿಗೆಗೂ ವ್ಯತ್ಯಾಸವೇನು ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕದು ಎಂದು ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ಪೆರೆತ್ತಿ ಅವಳನ್ನು ಹುರಿದುಂಬಿಸಿ ಕಳಿಸಿದ್ದರು.

ಅವತ್ತು ಸಂಜೆ ಅವಳು ರೋಕೆಗೆ, "ನಾಳೆ ಇಟ್ಟಿಗೆ ಭಟ್ಟಿಯ ಕಡೆ ಹೋಗೋಣ," ಎಂದಳು.

ಬೆಳಿಗ್ಗೆ ಕವಲುದಾರಿಯಲ್ಲಿ ಕಾರು ಬಲಕ್ಕೆ ಹೊರಳುವಷ್ಟರಲ್ಲಿ, "ಎಡಕ್ಕೆ ತಿರುಗಿಸು," ಎಂದಳು.

"ಭಟ್ಟಿ ಬಲಕ್ಕಲ್ವಾ?"

"ಗೊತ್ತು. ಎಡಕ್ಕೆ."

"ಎಡಕ್ಕೆ ಏನೈತೆ ಡಾಕ್ಟ್ರಮ್ಮ? ಒಂದು ಸ್ಕೂಲು, ಒಂದಷ್ಟು ಮೇಕೆ."

"ಮೇಕೆಗಳನ್ನೇ ಕೇಳ್ತೀನಿ. ಅವಕ್ಕಾದ್ರೂ ಹಬ್ಬ ಹೆಂಗಿತ್ತು ಅಂತ ಗೊತ್ತಿರುತ್ತೆ."

ರೋಕೆಯ ಕುತ್ತಿಗೆ ಕೆಂಪಾಯಿತು. ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ, "ಅಲ್ಲ, ಅಲ್ಲಿ ಎಂಪನಾದಾ ಕಡುಬು ಕರಿದಿಟ್ಕೊಂಡು ಕಾಯ್ತಾ ಕೂತವ್ರಲ್ಲಾ!" ಎಂದುಬಿಟ್ಟ.

"ಯಾರು?"

"ಯಾರೂ ಇಲ್ಲ. ಜನ. ಜನ ಅಂದ್ಮೇಲೆ ಏನಾರ ಕರಿದು ತಿಂತಿರ್ತಾರಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ಅವನ ಪಾಡು. ಎಲ್ವಿರಾ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ಗವರ್ನರ್ ಕಡೆಯ ಮೇಯರ್ ಬರಾಸಾನ ಕಿವಿ ಇವನೇ ಎಂದು ತೀರ್ಮಾನಿಸಿದಳು. ಹಾಗೆ ಒಂದೇ ಕಡೆ ತೀರ್ಮಾನಿಸಿದ್ದೇ ಅವಳು ಮಾಡಿದ ತಪ್ಪು ಎಂಬುದು ಆಮೇಲೆ ಗೊತ್ತಾಯಿತು.

ಸ್ಕೂಲು ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿ ದಾಟಿ, ಮಕ್ಕಳೂ ಮೇಷ್ಟರೂ ಊಟ ಮುಗಿಸಿ ಹೋಗಿಯಾಗಿತ್ತು. ಊರಿಗೆ ಊರೇ ಮಧ್ಯಾಹ್ನದ ನಿದ್ದೆಗೆ ಬಾಗಿಲು ಹಾಕಿಕೊಂಡಿತ್ತು. ರೋಕೆ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಮುಖದ ಮೇಲೆ ಟೋಪಿ ಇಟ್ಟುಕೊಂಡ. ಅಡುಗೆಮನೆಯ ಹಿಂದೆ ಒಬ್ಬಳು ದೊಡ್ಡ ಹೆಂಗಸು, ಒಳಗೆ ಮಗುವೊಂದು ಕೂರುವಷ್ಟು ಅಗಲದ ಪಾತ್ರೆಯನ್ನು ಮರಳು ಹಾಕಿ ಉಜ್ಜುತ್ತಿದ್ದಳು. ಅವಳೇ ತೆಲ್ಮಾ, ಊರವರು ಮರ್ಯಾದೆಯಿಂದ ಕರೆಯುವಂತೆ 'ದೋನ್ಯಾ' ತೆಲ್ಮಾ. ಇಪ್ಪತ್ತು ವರ್ಷದಿಂದ ಆ ಸ್ಕೂಲಿನ ಅಡುಗೆಯವಳು.

"ಡಾಕ್ಟ್ರು ಅಂದ್ರಲ್ಲ, ನನ್ನ ಮಂಡಿ ನೋಡ್ತೀಯಾ?" ಎಂದಳು ತಲೆಯೆತ್ತದೆ.

"ನಾನು ಆ ಡಾಕ್ಟರ್ ಅಲ್ಲ, ದೋನ್ಯಾ. ಓದಿನ ಡಾಕ್ಟರ್."

"ಅಂದ್ರೆ ಯಾತಕ್ಕೂ ಬಾರದ ಡಾಕ್ಟ್ರು ಅನ್ನು. ಆ ಕಡೆ ಹಿಡಿ, ಮಗುಚ್ಬೇಕು ಇದನ್ನ."

ಇಬ್ಬರೂ ಸೇರಿ ಪಾತ್ರೆ ಮಗುಚಿದರು. ತೆಲ್ಮಾ ಒದ್ದೆ ಕೈಯನ್ನು ಸೆರಗಿನಂಥ ಏಪ್ರನ್ನಿಗೆ ಒರೆಸಿಕೊಂಡು ಸೋರೆಬುರುಡೆಗೆ ಮಾಟೆ ಎಲೆ ತುಂಬಿ, ಬಿಸಿನೀರು ಹೊಯ್ದು, ಮೊದಲ ಸುತ್ತು ತಾನೇ ಹೀರಿ, ಎರಡನೆಯದನ್ನು ಎಲ್ವಿರಾಗೆ ಕೊಟ್ಟಳು. ಹಾಗೆ ಕೊಟ್ಟಮೇಲೆ ಬೇಡವೆನ್ನುವ ಹಾಗಿಲ್ಲ, ಬೇಗ ಮುಗಿಸುವ ಹಾಗೂ ಇಲ್ಲ. ಎಲ್ವಿರಾ ಹೀರುತ್ತ ಮೆಲ್ಲಗೆ ವಿಷಯ ತೆಗೆದಳು.

ತೆಲ್ಮಾ ಕಣ್ಣು ಕಿರಿದು ಮಾಡಿದಳು. "ನಿನ್ನ ಯಾರು ಕಳ್ಸಿದ್ದು?"

"ಯಾರೂ ಅಲ್ಲ. ಕೊರ್ದೊಬಾದ ನಮ್ಮ ಕೇಂದ್ರ."

"ಬ್ಯೂನಸ್ ಐರಿಸ್‌ನೋರು ಕಳ್ಸವ್ರೆ. ಹೋದ್ಸಲ ಗವರ್ನರ್‌ಗೂ ಅವ್ರಿಗೂ ಬಲೇ ದೋಸ್ತಿ. ಚುನಾವಣೆ ನೋಡೋಕೆ ಅಂತ ಅವ್ರ ಕಡೆಯಿಂದ ನಾಕು ಜನ ಬಂದ್ರು. ಇದೇ ಅಡುಗೆಮನೇಲಿ ಕೂತು ನಾನು ಮಾಡಿದ ಜೋಳದ ಲೊಕ್ರೋ ಎರಡೆರಡು ಬಟ್ಲು ಕುಡಿದು, ಮೀಸೆ ಒರೆಸ್ಕೊಂಡು, 'ಭೇಷಾಗೈತೆ' ಅಂದು ಹೋದ್ರು. ಅಡುಗೆಗೋ ಓಟಿಗೋ ಅಂತ ನಾನೇನು ಕೇಳ್ಲಿಲ್ಲ. ಈಗ ಇಬ್ರೂ ಕಚ್ಚಾಡ್ತಾವ್ರೆ. ಅದ್ಕೇ ನಿನ್ನಂಥೋಳು ಬಂದಿದ್ದು."

"ನಿಮ್ಮ ಹೆಸರು ನಾನು ಎಲ್ಲೂ ಬರೆಯಲ್ಲ, ದೋನ್ಯಾ. ಬಾಯಲ್ಲೂ ತರಲ್ಲ. ಟೇಪ್ ರೆಕಾರ್ಡರ್ ಕೂಡ ತಂದಿಲ್ಲ ನೋಡಿ."

ತೆಲ್ಮಾ ಅವಳ ಚೀಲವನ್ನು ತಾನೇ ತೆರೆದು ನೋಡಿದಳು. ಒಂದು ನೀರಿನ ಸೀಸೆ, ಒಂದು ಸೇಬು, ತಲೆನೋವಿನ ಮಾತ್ರೆ. ಮಾತ್ರೆಯಲ್ಲಿ ಎರಡು ತೆಗೆದುಕೊಂಡು ಜೇಬಿಗಿಟ್ಟಳು. ಆಮೇಲೆ ಹೇಳಿದಳು. ಹೆದರಿಕೊಂಡು ಹೇಳಿದ್ದಲ್ಲ, ಕಷ್ಟದ ಅಡುಗೆಯೊಂದನ್ನು ತಾನು ಹೇಗೆ ಮಾಡುತ್ತೇನೆಂದು ವಿವರಿಸುವವಳ ಹಾಗೆ.

"ಮತಗಟ್ಟೆ ಅಧಿಕಾರಿ ಸಹಿ ಹಾಕಿ ಒಂದು ಖಾಲಿ ಲಕೋಟೆ ಕೊಡ್ತಾನೆ ಅಲ್ವಾ? ಒಳಗಡೆ ಕತ್ತಲೆ ಕೋಣೆಗೆ ಹೋಗಿ, ನಿನಗೆ ಬೇಕಾದ ಪಕ್ಷದ ಚೀಟಿ ತಗೊಂಡು ಅದರೊಳಗೆ ಹಾಕ್ಬೇಕು. ನಮ್ಮ ಮೊದಲನೇ ಮನುಷ್ಯ ಆ ಸಹಿದು ಜೇಬಿಗೆ ಸೇರಿಸಿ, ಅಂಗಡಿಯಿಂದ ತಂದ ಬೇರೆ ಲಕೋಟೆ ಪೆಟ್ಟಿಗೆಗೆ ಹಾಕಿ ಬತ್ತಾನೆ. ಸಹಿದು ಈಚೆ ಬಂತಾ? ಅದ್ಕೆ ನಾನು ಬರಾಸಾನ ಚೀಟಿ ಹಾಕಿ ಅಂಟಿಸ್ತೀನಿ. ಎರಡ್ನೆಯೋನು ಅದನ್ನ ಅಂಗಿಯೊಳಗೆ ಇಟ್ಕೊಂಡು ಹೋಗಿ ಪೆಟ್ಟಿಗೆಗೆ ಹಾಕಿ, ತನಗೆ ಕೊಟ್ಟ ಖಾಲಿದು ನನಗೆ ತಂದ್ಕೊಡ್ತಾನೆ. ಹಂಗೇ ಸರಪಳಿ. ಖಾಲಿ ತಂದುಕೊಟ್ಟೋರ ಮನೆ ಮುಂದೆ ನೀರಿನ ಟ್ಯಾಂಕರ್ ನಿಲ್ತದೆ. ತರದೇ ಇದ್ದೋರ ಮನೆ ಮುಂದೆ ಧೂಳೆಬ್ಬಿಸ್ಕೊಂಡು ಹೋಯ್ತದೆ."

"ಅಂಟಿಸೋದು ನೀವಾ?"

"ಇನ್ಯಾರು? ನನ್ನ ಕೈ ಬೆವರಲ್ಲ, ನಡುಗಲ್ಲ. ಹೋದ್ಸಲಾನೂ ನಾನೇ, ಈ ಸಲಾನೂ ನಾನೇ. ಆ ನಾಕು ಜನ ಲೊಕ್ರೋ ಕುಡೀತಿದ್ರಲ್ಲ, ನಾನು ಬಡಿಸಿ ಹೋಗಿ ಅಂಟಿಸಿ ಬತ್ತಿದ್ದೆ." ಅವಳು ನಕ್ಕಳು. ನಗು ತಟ್ಟನೆ ನಿಂತಿತು. "ಹೆಸರು ಹೇಳ್ಬೇಡ ಮಗಳೇ. ಇದು ಜೈಲಿನ ಮಾತು."

ಎಲ್ವಿರಾ ಮತ್ತೆ ಆಣೆ ಮಾಡಿದಳು. ಹೊರಗೆ ಬಂದಾಗ ರೋಕೆ ಅದೇ ಭಂಗಿಯಲ್ಲಿ ಮಲಗಿದ್ದ. ಆದರೆ ಟೋಪಿ ಮುಖದ ಮೇಲಲ್ಲ, ಹೊಟ್ಟೆಯ ಮೇಲಿತ್ತು.

* * *

ಕೊರ್ದೊಬಾಗೆ ಮರಳಿದ ಮೇಲೆ ಅವಳು ವರದಿಯ ಕರಡು ಬರೆದಳು. ಊರಿನ ಹೆಸರಿಲ್ಲ. ಲಕೋಟೆಯ ಸರಪಳಿಯನ್ನು ವಿವರಿಸಿದವರನ್ನು "ಒಬ್ಬ ಸಾಕ್ಷಿ" ಎಂದಷ್ಟೇ ಕರೆದಿದ್ದಳು. ಗಂಡೋ ಹೆಣ್ಣೋ ಎಂಬುದು ಕೂಡ ತಿಳಿಯದ ಹಾಗೆ. ಮುಖ್ಯ ಮಾತು ಎರಡೇ ಸಾಲಿನದು: ಕೇಂದ್ರ ಪ್ರಾಂತಗಳ ಸ್ನೇಹವಾಗಲಿ ಜಗಳವಾಗಲಿ ಸರಪಳಿಯನ್ನು ಬದಲಾಯಿಸಿಲ್ಲ, ಬದಲಾದದ್ದು ಅದನ್ನು ನೋಡುವ ಮನಸ್ಸು ಮಾತ್ರ.

ಪೆರೆತ್ತಿ ಓದಿ ಕುಣಿದಾಡುವುದೊಂದು ಬಾಕಿ. ಎಪ್ಪತ್ತರ ಹತ್ತಿರ ಬಂದ, ತೆಳ್ಳಗಿನ, ಸದಾ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಎಲ್ವಿರಾಳ ಪ್ರಬಂಧವನ್ನು ತಿದ್ದಿ ಅವಳಿಗೆ ಡಾಕ್ಟರೇಟ್ ಕೊಡಿಸಿದವರು, ಅವಳ ತಂದೆ ತೀರಿಕೊಂಡಾಗ ರೈಲಿನಲ್ಲಿ ಜೊತೆಗೆ ಬಂದವರು. "ನಾಳೆ ಮಧ್ಯಾಹ್ನ ಊಟಕ್ಕೆ ಬಾ. ಒಬ್ಬರನ್ನು ಪರಿಚಯ ಮಾಡಿಸ್ತೀನಿ," ಎಂದರು.

ಆ ಒಬ್ಬರು ಬ್ಯೂನಸ್ ಐರಿಸ್‌ನಿಂದ ವಿಮಾನದಲ್ಲಿ ಬಂದಿದ್ದ ಕೊರ್ಬಾಲಾನ್. ಯಾವ ಖಾತೆಯವನೆಂದು ಅವನು ಹೇಳಲಿಲ್ಲ, ಪೆರೆತ್ತಿಯೂ ಹೇಳಲಿಲ್ಲ. ಬ್ರೆಡ್ಡಿನ ಪುಡಿ ಸವರಿ ಕರಿದ ಮಾಂಸದ ಮೇಲೆ ನಿಂಬೆ ಹಿಂಡುತ್ತ ನಾಜೂಕಾಗಿ ಮಾತಾಡಿದ.

"ನಿಮ್ಮ ಬರಹ ಅದ್ಭುತ, ಡಾಕ್ಟರ್. ಆ ಪ್ರಾಂತದ ಸರ್ಕಾರವನ್ನು ಕಿತ್ತು ಕೇಂದ್ರವೇ ಆಡಳಿತ ವಹಿಸಿಕೊಳ್ಳೋ ಮಸೂದೆ ಸಂಸತ್ತಿನ ಸಮಿತಿ ಮುಂದಿದೆ. ನಿಮಗೆ ಗೊತ್ತಿರಬೇಕು."

"ಪತ್ರಿಕೆಯಲ್ಲಿ ಓದಿದೆ."

"ಸಮಿತಿಗೆ ಬೇಕಾದ್ದು ಓದೋ ಅಂಥದ್ದಲ್ಲ, ಕಣ್ಣಿಗೆ ಕಾಣೋ ಅಂಥದ್ದು. ನೀವು ಬಂದು ಹೇಳಬೇಕು. ಯಾವ ಊರು, ಯಾವ ಸ್ಕೂಲು. ಆ ಅಡುಗೆಯಾಕೆನ ಕರೆತಂದರೆ ಇನ್ನೂ ಒಳ್ಳೇದು. ರಕ್ಷಣೆ ನಾವು ಕೊಡ್ತೀವಿ."

ಎಲ್ವಿರಾ ಫೋರ್ಕ್ ಕೆಳಗಿಟ್ಟಳು. ಅಡುಗೆಯಾಕೆ ಎಂದು ಅವಳು ಬರೆದಿರಲಿಲ್ಲ. ಪೆರೆತ್ತಿಗೂ ಹೇಳಿರಲಿಲ್ಲ. ಪೆರೆತ್ತಿಯ ಮುಖ ನೋಡಿದಳು. ಅವರು ನೀರಿನ ಲೋಟವನ್ನು ಬೆಳಕಿಗೆ ಹಿಡಿದು ಅದರಲ್ಲೇನೋ ಬಿದ್ದಿದೆಯೆಂಬಂತೆ ಪರೀಕ್ಷಿಸುತ್ತಿದ್ದರು.

ಆಗ ಅವಳಿಗೆ ನೆನಪಾಯಿತು: ಪೊಸೊ ಅಮಾರ್ಗೊಗೆ ಹೊರಡುವ ಮುನ್ನ ರೋಕೆಯ ಫೋನ್ ನಂಬರ್ ಅವಳಿಗೆ ಕೊಟ್ಟದ್ದು ಊರಿನವರು ಯಾರೂ ಅಲ್ಲ. 'ನಂಬಿಕಸ್ಥ ಮನುಷ್ಯ' ಎಂದು ಕೊಟ್ಟವರು ಪೆರೆತ್ತಿ.

"ಹೋದ ಸಲ ಗವರ್ನರ್ ನಿಮ್ಮ ಸ್ನೇಹಿತರಾಗಿದ್ದಾಗಲೂ ಇದೇ ಲಕೋಟೆ ಇತ್ತು," ಎಂದಳು. "ನಿಮ್ಮ ಕಡೆಯ ವೀಕ್ಷಕರು ಅಲ್ಲೇ ಊಟ ಮಾಡಿ ಬಂದಿದ್ದರು."

ಕೊರ್ಬಾಲಾನ್ ಸುಂದರವಾಗಿ ನಕ್ಕ. "ಆಗ ಹವಾ ಬೇರೆ ಇತ್ತು, ಡಾಕ್ಟರ್. ಛತ್ರಿ ಬಿಚ್ಚೋದು ಮಳೆ ಬಂದಾಗಲೇ ಅಲ್ಲವೇ? ಅಂದ ಹಾಗೆ, ಮಸೂದೆ ಆದ ಮೇಲೆ ಅಲ್ಲಿ ಚುನಾವಣಾ ಸುಧಾರಣೆಗೆ ಒಂದು ಕಚೇರಿ ತೆರೀತೀವಿ. ಅದರ ಕುರ್ಚಿಯಲ್ಲಿ ಆ ನೆಲದ ಮಗಳೇ ಕೂತರೆ ಚೆನ್ನ."

ಅವನು ಹೋದ ಮೇಲೆ ಎಲ್ವಿರಾ ಪೆರೆತ್ತಿಯ ದಾರಿಗೆ ಅಡ್ಡ ನಿಂತಳು. "ರೋಕೆ ಯಾರ ಮನುಷ್ಯ, ಸರ್?"

"ಯಾವ ರೋಕೆ?"

"ನನ್ನ ಡ್ರೈವರ್."

"ಡ್ರೈವರ್‌ಗಳು ಎಲ್ಲರ ಮನುಷ್ಯರು, ಎಲ್ವಿರಾ." ಪೆರೆತ್ತಿ ಅವಳ ಹೆಗಲ ಮೇಲೆ ಕೈಯಿಟ್ಟರು. "ನಲವತ್ತು ವರ್ಷ ಬರೆದಿದ್ದೀನಿ. ಒಂದು ಸಾಲಿನಿಂದಲೂ ಒಬ್ಬ ಕಳ್ಳನ ಕುರ್ಚಿ ಅಲುಗಲಿಲ್ಲ. ಇದೊಂದು ಸಲ ಅಲುಗುತ್ತೆ. ನಿನಗೆ ಬೇಡವಾ?"

ಅವಳಿಗೂ ಬೇಕಾಗಿತ್ತು. ಬರಾಸಾ ಬೀಳಬೇಕಾದವನೇ. ಆ ಕುರ್ಚಿ, ಗುತ್ತಿಗೆಯ ಹಂಗಿಲ್ಲದ ಸಂಬಳ, ಊರಿನವರೆದುರು ಮರಳಿ ಹೋಗುವ ಗತ್ತು, ಇದನ್ನೆಲ್ಲ ಅವಳು ಮನೆಗೆ ನಡೆದು ಹೋಗುವಾಗ ಬೀದಿಯುದ್ದಕ್ಕೂ ಯೋಚಿಸಿದಳು. ತಲೆಗೆ ಹೊಕ್ಕ ಅನುಮಾನದ ಹುಳ ಈಗ ಅವಳನ್ನೇ ಕೊರೆಯತೊಡಗಿತು. ತೆಲ್ಮಾಳ ಒಪ್ಪಿಗೆ ಕೇಳಿ ಬರುತ್ತೇನೆಂದು ಅವಳು ಬಸ್ ಹತ್ತಿದ್ದು ತೆಲ್ಮಾಗಾಗಿಯೋ, ಕುರ್ಚಿಗಾಗಿಯೋ ಎಂಬುದು ಅವಳಿಗೇ ಸ್ಪಷ್ಟವಿರಲಿಲ್ಲ.

* * *

ಬರುವುದನ್ನು ಅವಳು ಯಾರಿಗೂ ತಿಳಿಸಿರಲಿಲ್ಲ. ಆದರೂ ಪೊಸೊ ಅಮಾರ್ಗೊದ ಬಸ್ ನಿಲ್ದಾಣದಲ್ಲಿ ರೋಕೆ ನಿಂತಿದ್ದ.

"ಯಾರು ಹೇಳಿದ್ದು ನಿನಗೆ?"

"ಬಸ್ಸು ಬಂದಾಗ ನಾನು ಇಲ್ಲೇ ಇರ್ತೀನಿ ಡಾಕ್ಟ್ರಮ್ಮ. ಬಾಡಿಗೆ ಕಾರಿನೋನು ಇನ್ನೆಲ್ಲಿ ಇರ್ಬೇಕು, ಇಗರ್ಜೀಲಾ?"

ಬೇರೆ ಕಾರಿರಲಿಲ್ಲ. ನಡೆಯುವಂಥ ಬಿಸಿಲಲ್ಲ. ಹತ್ತಿದಳು. ಊರು ದಾಟಿದ ಮೇಲೆ ನೇರವಾಗಿ ಕೇಳಿದಳು. "ನೀನು ಬರಾಸಾಗೂ ಹೇಳ್ತೀಯ, ಬ್ಯೂನಸ್ ಐರಿಸ್‌ನವರಿಗೂ ಹೇಳ್ತೀಯ. ಅಲ್ವಾ?"

ರೋಕೆ ಹಾಡು ನಿಲ್ಲಿಸಿದ. "ಕಾರಿಗೆ ನಾಕು ಚಕ್ರ ಅವೆ. ಒಂದಕ್ಕೇ ಗಾಳಿ ಹೊಡೆಸಿದ್ರೆ ಓಡ್ತದಾ?"

"ನಾಚಿಕೆ ಆಗಲ್ವಾ?"

"ಯಾಕಾಗ್ಬೇಕು? ಅವ್ರು ಮೇಲೆ ಕೂತು ಜಗಳ ಆಡ್ತಾರೆ, ರಾಜಿ ಆಗ್ತಾರೆ. ಇವತ್ತು ಒಬ್ಬರನ್ನೇ ನಂಬ್ಕೊಂಡ್ರೆ ನಾಳೆ ನಾನು ಎಲ್ಲಿಗೆ ಹೋಗ್ಲಿ? ಇಬ್ಬರಿಗೂ ಒಂದೊಂದು ತುಂಡು ಹೇಳ್ತೀನಿ. ಪೂರ್ತಿ ಯಾರ್ಗೂ ಹೇಳಲ್ಲ. ತೆಲ್ಮಾ ಹೆಸರು ಎತ್ತಿಲ್ಲ. ಅಡುಗೆಯೋಳು ಅಂದೆ ಅಷ್ಟೆ. ಪ್ರಾಂತದಾಗೆ ಸ್ಕೂಲೆಷ್ಟು, ಅಡುಗೆಯೋರೆಷ್ಟು!"

"ಬರಾಸಾಗೆ ಏನಂದೆ?"

"ಡಾಕ್ಟ್ರಮ್ಮ ಮೇಕೆ ನೋಡೋಕೆ ಹೋಗಿದ್ರು ಅಂದೆ."

ನಂಬಬೇಕೋ ಬೇಡವೋ ತಿಳಿಯಲಿಲ್ಲ. ಅವನ ಮುಖದಲ್ಲಿ ಸುಳ್ಳಿನ ಗುರುತೇನೂ ಇರಲಿಲ್ಲ. ಆದರೆ ಅಂದು ಇಟ್ಟಿಗೆ ಭಟ್ಟಿಯ ದಾರಿ ಹಿಡಿದಾಗಲೂ ಅದೇ ಮುಖವೇ ಇತ್ತು.

ತೆಲ್ಮಾ ಈ ಸಲ ಮಾಟೆ ಕೊಡಲಿಲ್ಲ. ಹಿಟ್ಟು ನಾದುತ್ತಲೇ ಎಲ್ಲ ಕೇಳಿಸಿಕೊಂಡಳು. ಸಮಿತಿ, ಮಸೂದೆ, ರಕ್ಷಣೆ. ಎಲ್ವಿರಾ ತನಗೆ ಆಮಿಷವಾಗಿ ಒಡ್ಡಿದ ಕುರ್ಚಿಯ ವಿಷಯವನ್ನೂ ಮುಚ್ಚಿಡಲಿಲ್ಲ.

"ಅಂದ್ರೆ ನನ್ನ ಮಾರೋಕೆ ಮುಂಚೆ ನನ್ನೇ ಬೆಲೆ ಕೇಳೋಕೆ ಬಂದೆ," ಎಂದಳು ತೆಲ್ಮಾ.

"ನೀವು ಬೇಡ ಅಂದರೆ ಹೇಳಲ್ಲ. ಅಷ್ಟೇ ಕೇಳೋಕೆ ಬಂದೆ."

"ಕೇಳೋಕೆ ಅಂತ ಈ ಊರಿಗೆ ಯಾರೂ ಬಸ್ಸು ಹತ್ತಿ ಬರಲ್ಲ ಕಣವ್ವ. ಹೇಳೋಕೆ ಬತ್ತಾರೆ." ಹಿಟ್ಟನ್ನು ಎತ್ತಿ ಕುಕ್ಕಿದಳು. "ಸರಿ, ಬರಾಸಾ ಹೋದ ಅಂತಿಟ್ಕೊ. ಬ್ಯೂನಸ್ ಐರಿಸ್‌ನಿಂದ ಕೋಟು ಹಾಕ್ಕೊಂಡೋನು ಒಬ್ಬ ಬತ್ತಾನೆ. ಅವನೂ ಗೆಲ್ಲಬೇಕಲ್ಲ? ಅವನಿಗೂ ಅಂಟಿಸೋ ಕೈ ಬೇಕಲ್ಲ? ನಾನು ಜೈಲಲ್ಲಿದ್ರೆ ನನ್ನ ನಾದಿನೀನ ಕರೀತಾನೆ. ಅವಳಿಗೆ ಲೊಕ್ರೋ ಮಾಡೋಕೂ ಬರಲ್ಲ."

"ಹಾಗಾದರೆ ಇದು ಹೀಗೇ ನಡೀಬೇಕಾ, ದೋನ್ಯಾ?"

"ಎರಡು ಗೂಳಿ ಗುದ್ದಾಡಿದ್ರೆ ಸಾಯೋದು ನಡುವಿನ ಗಿಡ. ನೀನು ಗಿಡಾನ ಕಿತ್ಕೊಂಡು ಹೋಗಿ ಒಂದು ಗೂಳಿ ಕೊಂಬಿಗೆ ಕಟ್ತೀನಿ ಅಂತೀಯಲ್ಲ!" ತೆಲ್ಮಾಳ ಸ್ವರ ಏರಿತು. ಬಾಗಿಲಾಚೆ ನಿಂತಿದ್ದ ಕಾರಿನ ಕಡೆ ನೋಡಿ ತಗ್ಗಿಸಿದಳು. "ನಿನ್ನ ಇಷ್ಟ ಬಂದಂಗೆ ಮಾಡು. ನೀನು ಹೆಂಗೂ ಮಾಡೇ ಮಾಡ್ತೀಯ. ಹೇಳಿದ್ದು ನನ್ನ ತಪ್ಪು. ಅವತ್ತು ಸೆಖೆ ಜಾಸ್ತಿ ಇತ್ತು, ಮಾತಾಡೋಕೆ ಯಾರೂ ಇರ್ಲಿಲ್ಲ."

"ಹೇಳಲ್ಲ," ಎಂದಳು ಎಲ್ವಿರಾ. "ಖಂಡಿತ ಹೇಳಲ್ಲ."

ತೆಲ್ಮಾ ನಂಬಲಿಲ್ಲ. ಅದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು.

* * *

ಸಮಿತಿಯ ಸಾಕ್ಷಿಗಳ ಪಟ್ಟಿಯಲ್ಲಿ ಪೆರೆತ್ತಿ ಆಗಲೇ ಎಲ್ವಿರಾಳ ಹೆಸರು ಸೇರಿಸಿದ್ದರು. ಅವಳು ಬ್ಯೂನಸ್ ಐರಿಸ್‌ಗೆ ಹೋದಳು. ಹೋಗದಿದ್ದರೆ ಅವಳ ಬರಹವನ್ನು ಬೇರೆಯವರು ತಮಗೆ ಬೇಕಾದ ಹಾಗೆ ಓದುತ್ತಿದ್ದರು. ಎತ್ತರದ ಛಾವಣಿಯ ಕೋಣೆ, ಉದ್ದನೆಯ ಮೇಜು, ಒಂದು ಕಡೆ ರಾಷ್ಟ್ರಾಧ್ಯಕ್ಷರ ಪಕ್ಷದವರು, ಇನ್ನೊಂದು ಕಡೆ ಗವರ್ನರ್ ಕಡೆಯವರು. ಹಿಂದಿನ ಸಾಲಿನಲ್ಲಿ ಕೊರ್ಬಾಲಾನ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಅವಳು ಲಕೋಟೆಯ ಸರಪಳಿಯನ್ನು ವಿವರಿಸಿದಳು. ರಾಷ್ಟ್ರಾಧ್ಯಕ್ಷರ ಕಡೆಯವರು ಮೇಜು ಗುದ್ದಿ, "ಕೇಳಿದಿರಾ?" ಎಂದರು.

"ಯಾವ ಊರು?" ಎಂದು ಕೇಳಿದ ಅಧ್ಯಕ್ಷತೆ ವಹಿಸಿದ್ದವನು.

"ಹೇಳಲಾರೆ."

"ಹೇಳಿದವರು ಯಾರು?"

"ಹೇಳಲಾರೆ. ಮಾತು ಕೊಟ್ಟಿದ್ದೇನೆ. ಆದರೆ ಇನ್ನೊಂದು ಸಂಗತಿ ಹೇಳಬಲ್ಲೆ. ಹಿಂದಿನ ಚುನಾವಣೆಯಲ್ಲೂ ಇದೇ ಸರಪಳಿ ಇತ್ತು. ಆಗ ಕೇಂದ್ರದ ವೀಕ್ಷಕರು ಅದೇ ಜಾಗದಲ್ಲಿದ್ದರು. ಅವರು ಏನೂ ನೋಡಲಿಲ್ಲ. ನನ್ನ ಅಧ್ಯಯನದ ಮುಖ್ಯ ಭಾಗ ಅದೇ."

ಗುದ್ದುತ್ತಿದ್ದ ಕೈಗಳು ನಿಂತವು. ಈಗ ಗವರ್ನರ್ ಕಡೆಯವರು ನಕ್ಕರು, ಒಬ್ಬ ಚಪ್ಪಾಳೆಯನ್ನೂ ತಟ್ಟಿದ. "ಹೆಸರಿಲ್ಲ, ಊರಿಲ್ಲ! ಅಜ್ಜಿ ಕತೆ!" ಎಂದು ಕೂಗಿದ. ಸಮಿತಿಯ ಅಧ್ಯಕ್ಷ, "ಹಳೆಯ ಚುನಾವಣೆ ಇವತ್ತಿನ ವಿಷಯವಲ್ಲ," ಎಂದು ಗಂಟೆ 'ಟಣ್' ಎನ್ನಿಸಿದ. ಎರಡೂ ಕಡೆಯವರೂ ತಮಗೆ ಬೇಕಾದ ಅರ್ಧವನ್ನಷ್ಟೇ ಎತ್ತಿಕೊಂಡು, ಉಳಿದರ್ಧವನ್ನು ಅವಳ ಮುಂದೆಯೇ ಬಿಟ್ಟು ಎದ್ದರು.

ಹೊರಗಿನ ಮೆಟ್ಟಿಲ ಮೇಲೆ ಕೊರ್ಬಾಲಾನ್ ಅವಳನ್ನು ದಾಟಿ ಹೋಗುತ್ತ, "ಬರಾಸಾ ನಿಮ್ಮನ್ನು ನಮಗಿಂತ ಚೆನ್ನಾಗಿ ನೋಡಿಕೊಂಡಿದ್ದಾನೆ ಅಂತ ಕಾಣುತ್ತೆ," ಎಂದ. ಸಿಟ್ಟಿನಿಂದಲ್ಲ. ವ್ಯಾಪಾರ ಕೈತಪ್ಪಿದವನು ಎದುರಂಗಡಿಯನ್ನು ಮೆಚ್ಚಿಕೊಳ್ಳುವ ದನಿಯಲ್ಲಿ.

ಪ್ರಾಂತದ ಪತ್ರಿಕೆಯೊಂದು ಮಾರನೆಯ ದಿನ 'ನಾಡಿನ ಮಗಳು ನಾಡಿನ ಮಾನ ಉಳಿಸಿದಳು' ಎಂದು ಅವಳ ಫೋಟೋ ಹಾಕಿತು. ಅದೇ ಫೋಟೋವನ್ನು ಕೊರ್ದೊಬಾದ ಕೇಂದ್ರದಲ್ಲಿ ಯಾರೋ ಕತ್ತರಿಸಿ ಕಾಫಿ ಯಂತ್ರದ ಪಕ್ಕ ಅಂಟಿಸಿದರು. ಯಾರೆಂದು ಅವಳು ಕೇಳಲಿಲ್ಲ. ಪೆರೆತ್ತಿ ಎದುರು ಸಿಕ್ಕಾಗ ಕನ್ನಡಕ ತೆಗೆದು ಒರೆಸಲು ಶುರು ಮಾಡುತ್ತಿದ್ದರು. ಒಂದು ದಿನ ಮಾತ್ರ ಕೇಳಿಬಿಟ್ಟರು: "ನಿಜ ಹೇಳು ಎಲ್ವಿರಾ, ನಿನ್ನ ಚಿಕ್ಕಪ್ಪನ ಮಗ ಗವರ್ನರ್ ಕಚೇರಿಯಲ್ಲಿದ್ದಾನಂತಲ್ಲ?"

"ನನಗೆ ಚಿಕ್ಕಪ್ಪನೇ ಇಲ್ಲ, ಸರ್. ನಮ್ಮಪ್ಪನ ಶವಕ್ಕೆ ಹೆಗಲು ಕೊಟ್ಟವರು ನೀವು. ನಿಮಗೆ ಗೊತ್ತಿಲ್ಲವಾ?"

ಅವರು ತಲೆಯಾಡಿಸಿದರು. ನಂಬಿದ ತಲೆಯಾಟವಲ್ಲ ಅದು. ಎಲ್ವಿರಾಳೂ ಅವರನ್ನು ಮತ್ತೆ ನಂಬಲಿಲ್ಲ. ರೋಕೆಯನ್ನು ಅವರು ಗೊತ್ತಿದ್ದೇ ಕೊಟ್ಟರೋ, ಅವರಿಗೂ ಅವನನ್ನು ಬೇರೆ ಯಾರಾದರೂ ಕೊಟ್ಟಿದ್ದರೋ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ.

ವಸಂತದ ಹೊತ್ತಿಗೆ ಗವರ್ನರೂ ರಾಷ್ಟ್ರಾಧ್ಯಕ್ಷರೂ ಒಂದು ಸೇತುವೆಯ ಉದ್ಘಾಟನೆಯಲ್ಲಿ ಹೆಗಲ ಮೇಲೆ ಕೈಹಾಕಿಕೊಂಡು ನಿಂತರು. ಅನುದಾನ ಬಂತು, ಮಸೂದೆ ಕಪಾಟು ಸೇರಿತು. ಎಲ್ವಿರಾ ಈಗ ಯಾವ ಕಡೆಗೂ ಬೇಕಿರಲಿಲ್ಲ. ಗುತ್ತಿಗೆ ನವೀಕರಣವಾಗಲಿಲ್ಲ, ಯೋಜನೆಯ ದೊಡ್ಡ ಪುಸ್ತಕ ಅವಳ ಅಧ್ಯಾಯವಿಲ್ಲದೆ ಅಚ್ಚಾಯಿತು. ಅವಳು ಒಂದು ಖಾಸಗಿ ಶಾಲೆಯಲ್ಲಿ ಚರಿತ್ರೆ ಕಲಿಸತೊಡಗಿದಳು, ಬಿಡುವಿನಲ್ಲಿ ಆ ಅಧ್ಯಾಯವನ್ನು ತಿದ್ದಿ ಬ್ರೆಜಿಲಿನ ಸಂಗಾತಿಯೊಬ್ಬಳಿಗೆ ಕಳಿಸಿದಳು. ಅಲ್ಲಿಯ ಒಂದು ಸಣ್ಣ ಪತ್ರಿಕೆಯಲ್ಲಿ ಅದು ಪೋರ್ಚುಗೀಸಿನಲ್ಲಿ ಬಂತು. ಅವಳ ಪ್ರಾಂತದಲ್ಲಿ ಅದನ್ನು ಓದಿದವರು ಯಾರೂ ಇರಲಾರರು.

ಒಂದು ಭಾನುವಾರ ಬೆಳಿಗ್ಗೆ ಅವಳು ಬಟ್ಟೆ ಒಣಹಾಕುತ್ತಿದ್ದಾಗ ಫೋನ್ ಬಂತು.

"ನಾನು ಕಣವ್ವ, ತೆಲ್ಮಾ."

ಎಲ್ವಿರಾ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಏನಾಯ್ತು ದೋನ್ಯಾ? ಯಾರಾದರೂ ಬಂದಿದ್ರಾ?"

"ಯಾರೂ ಬಂದಿಲ್ಲ. ನೀನು ಹೇಳ್ಲಿಲ್ಲ ಅಂತ ಗೊತ್ತಾಯ್ತು. ಅದ್ಕೇ ಫೋನ್ ಮಾಡ್ದೆ." ತೆಲ್ಮಾ ದನಿ ತಗ್ಗಿಸಿದಳು. "ಏನು ಕೊಟ್ರು?"

"ಯಾರು?"

"ಬರಾಸಾ. ಬಾಯಿ ಮುಚ್ಕೊಂಡಿದ್ದಕ್ಕೆ ಏನು ಕೊಟ್ಟ?"

"ಏನೂ ಕೊಟ್ಟಿಲ್ಲ. ನಾನು ಅವನ ಮುಖಾನೇ ನೋಡಿಲ್ಲ."

ತೆಲ್ಮಾಳ ದನಿ ಬದಲಾಗಿತ್ತು, ತಣ್ಣಗಾಗಿತ್ತು. "ಏನೂ ಕೊಡ್ಲಿಲ್ವಾ? ಮತ್ಯಾಕೆ ಸುಮ್ನಿದ್ದೀಯ?"

"ನಿಮಗೆ ಮಾತು ಕೊಟ್ಟಿದ್ದೆ."

"ಹೂಂ," ಎಂದಳು ತೆಲ್ಮಾ. ಆ ಹೂಂಕಾರದಲ್ಲಿದ್ದದ್ದು ಹೆದರಿಕೆ ಎಂದು ಎಲ್ವಿರಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕೊಂಡುಕೊಂಡ ಬಾಯಿಗೆ ಒಡೆಯನಿರುತ್ತಾನೆ, ಬೀಗವಿರುತ್ತದೆ. ಯಾರೂ ಕೊಳ್ಳದ ಬಾಯಿ ಇವತ್ತು ಸುಮ್ಮನಿದ್ದರೆ ನಾಳೆ ತೆರೆದೀತು. ಇಪ್ಪತ್ತು ವರ್ಷ ಮಕ್ಕಳಿಗೆ ಬೇಯಿಸಿ ಹಾಕಿದ ಆ ಹೆಂಗಸು ಇನ್ನುಳಿದ ಆಯುಷ್ಯವೆಲ್ಲ ಕಾರಿನ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನೋಡುತ್ತಿರಬೇಕಾಗುತ್ತದೆ.

ಎಲ್ವಿರಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು. "ಫೋನಲ್ಲಿ ಇಂಥದ್ದೆಲ್ಲ ಕೇಳ್ತಾರಾ, ದೋನ್ಯಾ?"

"ಆಂ?"

"ಕೊಟ್ರು. ಕೊಡದೆ ಇರ್ತಾರಾ?"

"ಅದೇ ನೋಡು ಮತ್ತೆ!" ತೆಲ್ಮಾಳ ಉಸಿರು ತಂತಿಯುದ್ದಕ್ಕೂ ಇಳಿದು ಬಂದಂತೆ ಕೇಳಿಸಿತು. "ನನ್ನ ಹತ್ರ ಯಾಕೆ ಮುಚ್ಚಿಡ್ತೀಯ? ಏನು ಕೊಟ್ರು?"

"ಮನೆ."

"ಕೊರ್ದೊಬಾದಾಗಾ?"

"ಹೂಂ. ಕೊರ್ದೊಬಾದಲ್ಲೇ."

"ಎಷ್ಟು ಕೋಣೆ?"

ಎಲ್ವಿರಾ ತನ್ನ ಬಾಡಿಗೆ ಕೋಣೆಯನ್ನು ಒಮ್ಮೆ ನೋಡಿದಳು. "ಎರಡು," ಎಂದಳು.

"ಎರಡೇನಾ!" ತೆಲ್ಮಾ ಹೊಟ್ಟೆ ತುಂಬ ನಕ್ಕಳು. "ಅಯ್ಯೋ ಹುಚ್ಚಿ, ಮೂರು ಕೇಳ್ಬೇಕಾಗಿತ್ತು. ಓದಿದೋರಿಗೆ ಚೌಕಾಸಿ ಬರಲ್ಲ ಅನ್ನೋದು ಇದ್ಕೇ. ಇರ್ಲಿ ಬಿಡು, ಬಾಳಿ ಬದುಕು. ನನ್ನ ಮಂಡಿನೋವಿಗೆ ಅಲ್ಲಿ ಯಾರಾರ ಒಳ್ಳೆ ಡಾಕ್ಟ್ರು ಇದ್ರೆ ಕೇಳಿಡು, ನಿಜವಾದ ಡಾಕ್ಟ್ರು. ಬಂದ್ರೆ ನಿಮ್ಮನೇಲೇ ಇಳ್ಕೊತೀನಿ."

"ಬನ್ನಿ ದೋನ್ಯಾ," ಎಂದಳು ಎಲ್ವಿರಾ. ಫೋನ್ ಇಟ್ಟು ಉಳಿದ ಬಟ್ಟೆಗಳನ್ನು ಹಿಂಡಿ ತಂತಿಯ ಮೇಲೆ ಹರವಿದಳು.